ಎರಡು ಕಾರ್ಬುರೇಟರ್, ಒಂದೇ ಶ್ರುತಿ: ಹಳೆಯ ಸ್ಪೋರ್ಟ್ಸ್ ಕಾರನ್ನು ಮನೆಯಲ್ಲೇ ಟ್ಯೂನ್ ಮಾಡುವುದು ಹೇಗೆ?

ಹಳೆಯ ಸ್ಪೋರ್ಟ್ಸ್ ಕಾರಿನ ಆರೋಗ್ಯ ಗೊತ್ತಾಗುವುದು ಅದು ಓಡುವಾಗ ಅಲ್ಲ, ನಿಂತಾಗ. ರಸ್ತೆಯಲ್ಲಿ ಎಲ್ಲ ಚೆನ್ನಾಗಿಯೇ ಇರುತ್ತದೆ. ಸಿಗ್ನಲ್ ಬಂದು ನಿಂತ ಕೂಡಲೇ ಎಂಜಿನ್ ಕುಂಟಲು ಶುರು ಮಾಡುತ್ತದೆ. ಎರಡು ಸಲ ಸರಿಯಾಗಿ ಬಡಿಯುತ್ತದೆ, ಮೂರನೆಯದನ್ನು ನುಂಗುತ್ತದೆ. ಕಾಲು ಆಕ್ಸಲರೇಟರ್ ಮೇಲೇ ಇರಬೇಕು, ಇಲ್ಲದಿದ್ದರೆ ಆಫ್. ಕಿಟಕಿ ಇಳಿಸಿದರೆ ಹಸಿ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯುತ್ತದೆ.

ನೋಡಿದವರೆಲ್ಲ ಹೇಳುವುದು ಒಂದೇ ಮಾತು: "ಕಾರ್ಬುರೇಟರ್ ಟ್ಯೂನಿಂಗ್ ಮಾಡಿಸಿ."

ಕಾರ್ಬುರೇಟರ್ ಅಂದರೆ ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್‌ಗೆ ಕಳಿಸುವ ಭಾಗ. ಅದರ ಟ್ಯೂನಿಂಗ್ ಯಾರ ಹತ್ತಿರ ಮಾಡಿಸುವುದು? ಹೊಸ ಕಾರುಗಳಲ್ಲಿ ಕಾರ್ಬುರೇಟರ್ ಜಾಗಕ್ಕೆ ಫ್ಯೂಯಲ್ ಇಂಜೆಕ್ಷನ್ ಬಂದು ದಶಕಗಳಾದವು. ಈಗಿನ ಮೆಕ್ಯಾನಿಕ್ ಬಾನೆಟ್ ತೆಗೆಯುವ ಮೊದಲೇ ಸ್ಕ್ಯಾನರ್ ಕೈಗೆತ್ತಿಕೊಳ್ಳುತ್ತಾನೆ. ಈ ಕಾರಿನಲ್ಲಿ ಅದನ್ನು ಚುಚ್ಚಲು ಜಾಗವೇ ಇಲ್ಲ. ಅದರ ಜೊತೆಗೆ ಪೆಟ್ರೋಲ್ ಕೂಡ ಬದಲಾಗಿದೆ. ಹಲವು ದೇಶಗಳಲ್ಲಿ ಪೆಟ್ರೋಲಿಗೆ ಎಥೆನಾಲ್ ಬೆರೆಸುತ್ತಾರೆ. ಇಂಥ ಕಾರುಗಳ ತವರಾದ ಬ್ರಿಟನ್‌ನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿನಲ್ಲೇ 10% ವರೆಗೆ ಎಥೆನಾಲ್ ಇರುತ್ತದೆ. ಐವತ್ತು ವರ್ಷದ ಹಿಂದಿನ ಪೆಟ್ರೋಲಿಗೆ ಹೊಂದಿಸಿಟ್ಟ ಕಾರ್ಬುರೇಟರ್‌ಗೆ ಈ ಸುದ್ದಿ ತಲುಪಿಲ್ಲ.

ಸಮಾಧಾನದ ಸಂಗತಿ ಅಂದರೆ, ಈ ಕೆಲಸ ಮನೆಯಲ್ಲೇ ಆಗುತ್ತದೆ. ಒಂದೆರಡು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್, ಸಣ್ಣ ಸಂದುಗಳನ್ನು ಅಳೆಯುವ ಫೀಲರ್ ಗೇಜ್, ಕೈಯುದ್ದದ ರಬ್ಬರ್ ಪೈಪ್, ಸರಿಯಾಗಿ ಕೇಳುವ ಕಿವಿ ಇದ್ದರೆ ಸಾಕು. ಉದಾಹರಣೆಗೆ ಎಂಜಿಬಿ ಕಾರನ್ನೇ ತೆಗೆದುಕೊಳ್ಳೋಣ. ಇದು 1962ರಿಂದ 1980ರವರೆಗೆ ತಯಾರಾದ ಬ್ರಿಟಿಷ್ ಕಾರು. 1798 ಸಿಸಿ ಎಂಜಿನ್, ನಾಲ್ಕು ಸಿಲಿಂಡರ್. ಬಹುಪಾಲು ಕಾರುಗಳಲ್ಲಿ ಎಸ್‌ಯು ಹೆಸರಿನ ಎರಡು ಕಾರ್ಬುರೇಟರ್ ಇರುತ್ತವೆ. ಇದರ ಗುಟ್ಟು ಗೊತ್ತಾದರೆ ಇದೇ ಜಾತಿಯ ಬೇರೆ ಕಾರುಗಳದ್ದೂ ಅರ್ಥವಾಗುತ್ತದೆ.

ಗಾಳಿ ಎಷ್ಟು, ಪೆಟ್ರೋಲ್ ಎಷ್ಟು

ಪೆಟ್ರೋಲ್ ನೀರಿನ ಹಾಗೆ ಇರುವಾಗ ಉರಿಯುವುದಿಲ್ಲ. ಅದರ ಆವಿ ಗಾಳಿಯ ಜೊತೆ ಬೆರೆತಾಗ ಮಾತ್ರ ಉರಿಯುತ್ತದೆ. ಈ ಬೆರಕೆಯನ್ನೇ ಮಿಕ್ಸ್ಚರ್ ಅನ್ನುತ್ತಾರೆ. ತೂಕದಲ್ಲಿ ಹೇಳಿದರೆ 1 ಪಾಲು ಪೆಟ್ರೋಲ್ ಪೂರ್ತಿ ಉರಿಯಲು 14.7 ಪಾಲು ಗಾಳಿ ಬೇಕು. ಲೀಟರ್ ಲೆಕ್ಕದಲ್ಲಿ ನೋಡಿದರೆ ಬೆರಗಾಗುತ್ತದೆ: 1 ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ಎಂಜಿನ್ ಕುಡಿಯುವುದು ಪೆಟ್ರೋಲ್ ಅಂತ ನಾವು ಅಂದುಕೊಂಡಿರುತ್ತೇವೆ. ನಿಜದಲ್ಲಿ ಅದು ಉಸಿರಾಡುವುದೇ ಜಾಸ್ತಿ.

ಪೆಟ್ರೋಲ್ ಪಾಲು ಹೆಚ್ಚಾದರೆ ಮಿಕ್ಸ್ಚರ್ 'ರಿಚ್' ಆಯಿತು, ಕಡಿಮೆಯಾದರೆ 'ಲೀನ್' ಆಯಿತು ಅನ್ನುತ್ತಾರೆ. ಗ್ಯಾಸ್ ಸ್ಟವ್ ನೆನಪಿಸಿಕೊಳ್ಳಿ. ಗಾಳಿ ಸರಿಯಾಗಿ ಸಿಕ್ಕರೆ ನೀಲಿ ಉರಿ. ಗಾಳಿ ಸಾಲದಿದ್ದರೆ ಹಳದಿ ಉರಿ, ಪಾತ್ರೆಯ ತಳಕ್ಕೆ ಮಸಿ. ಎಂಜಿನ್ ಒಳಗೂ ಇದೇ ಕತೆ. ರಿಚ್ ಆದರೆ ಪ್ಲಗ್‌ಗೆ ಮಸಿ ಹಿಡಿಯುತ್ತದೆ, ಕಪ್ಪು ಹೊಗೆ ಬರುತ್ತದೆ, ಪೆಟ್ರೋಲ್ ಸುಮ್ನೆ ಹಾಳಾಗುತ್ತದೆ. ಲೀನ್ ಆದರೆ ಪಿಕಪ್ ಇರುವುದಿಲ್ಲ, ಕಾರ್ಬುರೇಟರ್ ಬಾಯಿಂದಲೇ ಒಮ್ಮೊಮ್ಮೆ ಪಟ್ ಅಂತ ಸೀನುತ್ತದೆ, ಎಂಜಿನ್ ಬೇಗ ಬಿಸಿಯಾಗುತ್ತದೆ. ಎರಡರಲ್ಲಿ ಯಾವುದು ಕೆಟ್ಟದ್ದು ಅಂತ ಕೇಳಿದರೆ ಲೀನ್ ಕಡೆಗೇ ನನ್ನ ಬೆರಳು. ಮಸಿಯನ್ನು ಉಜ್ಜಿ ತೆಗೆಯಬಹುದು, ಸುಟ್ಟ ವಾಲ್ವನ್ನು ಉಜ್ಜಿದರೆ ಸರಿಹೋಗುವುದಿಲ್ಲ.

ಏರುವ ಪಿಸ್ಟನ್, ಜೊತೆಗೆ ಏರುವ ಸೂಜಿ

ಪೆಟ್ರೋಲನ್ನು ಗಾಳಿ ಎತ್ತಿಕೊಂಡು ಹೋಗುವುದು ಹೇಗೆ? ಎರಡು ಹಾಳೆಗಳನ್ನು ಎದುರುಬದುರು ಹಿಡಿದು ನಡುವೆ ಜೋರಾಗಿ ಊದಿ ನೋಡಿ. ದೂರ ಸರಿಯಬೇಕಾದ ಹಾಳೆಗಳು ಒಂದಕ್ಕೊಂದು ಹತ್ತಿರ ಬರುತ್ತವೆ. ವೇಗವಾಗಿ ಹರಿಯುವ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಅದಕ್ಕೇ ಹೀಗೆ. ಕಾರ್ಬುರೇಟರ್‌ನಲ್ಲಿ ಗಾಳಿಯನ್ನು ಇಕ್ಕಟ್ಟಾದ ಗಂಟಲಿನಲ್ಲಿ ಹಾಯಿಸುತ್ತಾರೆ. ಅಲ್ಲಿ ಅದರ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಗಂಟಲಿನ ತಳದಲ್ಲಿ ಸಣ್ಣ ತೂತಿನ ಒಂದು ಕೊಳವೆ ಇದೆ. ಅದೇ ಜೆಟ್. ಅದರೊಳಗಿನ ಪೆಟ್ರೋಲ್ ಮೇಲಕ್ಕೆ ಚಿಮ್ಮಿ ಗಾಳಿಯ ಜೊತೆ ಹೋಗುತ್ತದೆ.

ತೊಂದರೆ ಏನೆಂದರೆ, ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಲರೇಟರ್ ಒತ್ತದೆ ಸುಮ್ಮನೆ ತಿರುಗುವಾಗ, ಎಂಜಿನ್ ಗುಟುಕು ಗಾಳಿ ಎಳೆಯುತ್ತದೆ, ರೇಸ್ ಮಾಡಿದಾಗ ಅದರ ಹಲವು ಪಟ್ಟು ಎಳೆಯುತ್ತದೆ. ಒಂದೇ ಅಳತೆಯ ಗಂಟಲು ಎರಡಕ್ಕೂ ಹೇಗೆ ಹೊಂದೀತು? ಇಟಲಿಯ ವೆಬರ್ ಥರದ ಕಾರ್ಬುರೇಟರ್‌ಗಳು ಇದಕ್ಕೆ ಬೇರೆ ಬೇರೆ ವೇಗಕ್ಕೆ ಬೇರೆ ಬೇರೆ ಜೆಟ್ ಇಟ್ಟುಕೊಂಡಿವೆ. ಎಸ್‌ಯು ಮಾಡಿದ್ದು ಇನ್ನೊಂದು ಉಪಾಯ. ಗಂಟಲನ್ನೇ ಹಿಗ್ಗುವ ಹಾಗೆ ಮಾಡಿತು.

ಎಸ್‌ಯು ಅಂದರೆ ಸ್ಕಿನ್ನರ್ ಯೂನಿಯನ್. ಇಂಗ್ಲೆಂಡಿನ ಸ್ಕಿನ್ನರ್ ಅಣ್ಣತಮ್ಮಂದಿರು ಕಳೆದ ಶತಮಾನದ ಆರಂಭದಲ್ಲಿ ಕಟ್ಟಿದ ಕಂಪನಿ. ಅವರದು ಬೂಟು ವ್ಯಾಪಾರದ ಮನೆತನ. ಮೊದಮೊದಲ ಎಸ್‌ಯು ಕಾರ್ಬುರೇಟರ್‌ಗಳಲ್ಲಿ ಮೇಲೆ ಕೆಳಗೆ ಆಡುತ್ತಿದ್ದದ್ದು ಚರ್ಮದ ತಿದಿ ಅಂತ ತಿಳಿದಾಗ ನನಗೆ ನಗು ಬಂತು. ಆಮೇಲೆ ಆ ಜಾಗಕ್ಕೆ ಲೋಹದ ಪಿಸ್ಟನ್ ಬಂತು.

ಬಾನೆಟ್ ಎತ್ತಿದಾಗ ಗಂಟೆಯ ಆಕಾರದಲ್ಲಿ ಹೊಳೆಯುವ ಎರಡು ಟೋಪಿಗಳು ಕಾಣುತ್ತವೆ ಅಲ್ವಾ? ಆ ಪಿಸ್ಟನ್ ಇರುವುದು ಅದರೊಳಗೆ. ಆಕ್ಸಲರೇಟರ್ ಒತ್ತಿದಾಗ ಎಂಜಿನ್ ಕಡೆ ಗಾಳಿಯ ದಾರಿಗೆ ಅಡ್ಡ ಇರುವ ಥ್ರಾಟಲ್ ತಟ್ಟೆ ತೆರೆಯುತ್ತದೆ. ಎಂಜಿನ್‌ನ ಸೆಳೆತ ಪಿಸ್ಟನ್ ಮೇಲಿನ ಕೋಣೆಗೂ ತಲುಪಿ ಪಿಸ್ಟನ್ ಮೇಲೇಳುತ್ತದೆ. ಎಷ್ಟು ಏಳಬೇಕು ಅನ್ನುವುದನ್ನು ಅದರ ತೂಕ ಮತ್ತು ಒಂದು ಸ್ಪ್ರಿಂಗ್ ತೀರ್ಮಾನಿಸುತ್ತವೆ. ಪ್ರೆಶರ್ ಕುಕ್ಕರಿನ ವೆಯ್ಟ್ ಒಳಗಿನ ಒತ್ತಡವನ್ನು ಒಂದು ಮಟ್ಟದಲ್ಲಿ ಹಿಡಿದಿಡುವ ಹಾಗೆ ಈ ಪಿಸ್ಟನ್ ಗಂಟಲಿನ ಸೆಳೆತವನ್ನು ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ಇಡುತ್ತದೆ.

ಪಿಸ್ಟನ್ ತಳದಲ್ಲಿ ಒಂದು ಸೂಜಿ ಇದೆ. ನೀಡಲ್ ಅಂತಲೇ ಕರೆಯುತ್ತಾರೆ. ಮೇಲೆ ದಪ್ಪ, ಕೆಳಗೆ ಹೋದಂತೆ ಸಣ್ಣ. ಅದು ಜೆಟ್ ತೂತಿನೊಳಗೆ ಇಳಿದಿರುತ್ತದೆ. ಪಿಸ್ಟನ್ ಮೇಲೇರಿದಂತೆ ಸೂಜಿಯೂ ಏರುತ್ತದೆ, ತೂತಿನಲ್ಲಿ ಅದರ ಸಣ್ಣ ಭಾಗ ಉಳಿಯುತ್ತದೆ, ಸುತ್ತಲಿನ ಸಂದು ದೊಡ್ಡದಾಗುತ್ತದೆ, ಪೆಟ್ರೋಲ್ ಹೆಚ್ಚು ಬರುತ್ತದೆ. ಗಾಳಿ ಹೆಚ್ಚಿದಂತೆ ಪೆಟ್ರೋಲೂ ತಾನಾಗಿಯೇ ಹೆಚ್ಚುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಿ. ಟ್ಯೂನಿಂಗ್‌ನ ಅರ್ಧ ಗುಟ್ಟು ಇಲ್ಲಿದೆ. ಸೂಜಿಯ ಜಾಗ ನಮ್ಮ ಕೈಯಲ್ಲಿಲ್ಲ. ಜೆಟ್ ಮಾತ್ರ ನಮ್ಮ ಕೈಯಲ್ಲಿದೆ. ಕಾರ್ಬುರೇಟರ್ ತಳದಲ್ಲಿರುವ ಆರು ಮಗ್ಗುಲಿನ ನಟ್ ತಿರುಗಿಸಿ ಜೆಟ್ಟನ್ನು ಕೆಳಗಿಳಿಸಿದರೆ ಸಂದು ದೊಡ್ಡದಾಗಿ ರಿಚ್, ಮೇಲಕ್ಕೇರಿಸಿದರೆ ಸಂದು ಚಿಕ್ಕದಾಗಿ ಲೀನ್. ಚೋಕ್ ಎಳೆದಾಗಲೂ ಆಗುವುದು ಇದೇ, ಕೇಬಲ್ ಜೆಟ್ಟನ್ನು ಕೆಳಗೆ ಎಳೆಯುತ್ತದೆ. 1970ರ ದಶಕದ ಎಚ್‌ಐಎಫ್ ಮಾದರಿಯಲ್ಲಿ ನಟ್ ಬದಲು ಪಕ್ಕದಲ್ಲಿ ಒಂದು ಸ್ಕ್ರೂ ಇದೆ, ಕೆಲಸ ಅದೇ.

ಪಕ್ಕದಲ್ಲಿ ನೇತಾಡುವ ಡಬ್ಬಿ ಫ್ಲೋಟ್ ಚೇಂಬರ್. ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ತುಂಬಿದ ಕೂಡಲೇ ನಲ್ಲಿ ಮುಚ್ಚುತ್ತದಲ್ಲ, ಅದೇ ಕೆಲಸ ಇಲ್ಲಿ ಪೆಟ್ರೋಲಿಗೆ.

ಮುಟ್ಟುವ ಮೊದಲು ಮುಟ್ಟಬೇಕಾದವು

ಎಂಜಿನ್ ಕುಂಟಿದರೆ ಎಲ್ಲರ ಕೈಯೂ ಮೊದಲು ಹೋಗುವುದು ಕಾರ್ಬುರೇಟರ್ ಕಡೆಗೆ. ಅದು ಕೊನೆಗೆ ಹೋಗಬೇಕಾದ ಜಾಗ. ಪ್ಲಗ್ ಸರಿಯಾಗಿ ಕಿಡಿ ಹೊಡೆಯದಿದ್ದರೆ, ವಾಲ್ವ್ ಸರಿಯಾಗಿ ಮುಚ್ಚದಿದ್ದರೆ ಮಿಕ್ಸ್ಚರ್ ಎಷ್ಟೇ ಚೆನ್ನಾಗಿದ್ದರೂ ಎಂಜಿನ್ ಕುಂಟುತ್ತದೆ. ಆ ತಪ್ಪನ್ನು ಜೆಟ್ ನಟ್‌ನಿಂದ ತಿದ್ದಲು ಹೋದರೆ ಒಂದರ ಜಾಗದಲ್ಲಿ ಎರಡು ತಪ್ಪು.

ಹಾಗಾಗಿ ಮೊದಲು ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು. ಎಂಜಿಬಿಯಲ್ಲಿ ಸುಮಾರು 0.38 ಮಿ.ಮೀ. ಆಮೇಲೆ ಪ್ಲಗ್ ಗ್ಯಾಪ್, 0.64 ಮಿ.ಮೀ. ಪ್ಲಗ್‌ಗಳಿಗೆ ಕಿಡಿಯ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಗ್ಯಾಪ್ 0.36ರಿಂದ 0.40 ಮಿ.ಮೀ. ಇವೆಲ್ಲ ಫೀಲರ್ ಗೇಜ್‌ನಿಂದ ಅಳೆಯುವಂಥವು. ಅದಾದ ಮೇಲೆ ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ. ಇದರ ಅಂಕಿ ವರ್ಷದಿಂದ ವರ್ಷಕ್ಕೆ ಬೇರೆ. ನಿಮ್ಮ ಕಾರಿನ ಮ್ಯಾನುಯಲ್ ಹೇಳಿದ್ದನ್ನೇ ಇಡಿ. ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್ ಕೂಡ ಒಮ್ಮೆ ನೋಡಿಬಿಡಿ.

ಇಷ್ಟಾದ ಮೇಲೂ ಒಬ್ಬ ಕಳ್ಳ ಉಳಿದಿರುತ್ತಾನೆ. ಅದು ಕಳ್ಳಗಾಳಿ. ಕಾರ್ಬುರೇಟರ್ ದಾಟಿದ ಮೇಲೆ ಎಲ್ಲಾದರೂ ಬಿರುಕಿದ್ದರೆ ಎಂಜಿನ್ ಅಲ್ಲಿಂದಲೂ ಗಾಳಿ ಎಳೆಯುತ್ತದೆ. ಅದು ಯಾವ ಲೆಕ್ಕಕ್ಕೂ ಸಿಗದ ಗಾಳಿ. ಮೊದಲ ಸಲ ಈ ಕೆಲಸಕ್ಕೆ ಇಳಿದಾಗ ನಾನು ಒಂದಿಡೀ ಮಧ್ಯಾಹ್ನ ಜೆಟ್ ನಟ್ ತಿರುಗಿಸುತ್ತ ಕೂತಿದ್ದೆ. ರಿಚ್ ಮಾಡಿದರೆ ಹೊಗೆ, ಲೀನ್ ಮಾಡಿದರೆ ಆಫ್. ನಡುವೆ ಏನೂ ಇಲ್ಲ. ಬೇಸತ್ತು, ಕಾರ್ಬುರೇಟರ್‌ನಿಂದ ಸಿಲಿಂಡರ್‌ಗಳಿಗೆ ಮಿಕ್ಸ್ಚರ್ ಒಯ್ಯುವ ಮ್ಯಾನಿಫೋಲ್ಡ್ ಮೇಲೆ ಕೈ ಊರಿದೆ. ಎಂಜಿನ್ ಸದ್ದು ಇದ್ದಕ್ಕಿದ್ದಂತೆ ನೆಟ್ಟಗಾಯಿತು. ಕೈ ತೆಗೆದೆ, ಮತ್ತೆ ಕುಂಟು. ಬೆರಳಿನ ಕೆಳಗೆ ಇದ್ದದ್ದು ಮ್ಯಾನಿಫೋಲ್ಡಿಗೆ ಸೇರುವ ಸಣ್ಣ ರಬ್ಬರ್ ಪೈಪು. ಒಣಗಿ, ತುದಿಯಲ್ಲಿ ಉಗುರಿನಷ್ಟು ಸೀಳಿತ್ತು.

ಇಂಥ ಪೈಪುಗಳನ್ನು, ಕಾರ್ಬುರೇಟರ್ ಕೂರುವ ಜಾಗದ ಗ್ಯಾಸ್ಕೆಟ್‌ಗಳನ್ನು ಒಂದೊಂದಾಗಿ ನೋಡಿ. ಥ್ರಾಟಲ್ ತಟ್ಟೆಯನ್ನು ಹಿಡಿದಿರುವ ಸ್ಪಿಂಡಲ್ ಅಂದರೆ ಅಡ್ಡ ಕಡ್ಡಿ. ಅದನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಲೊಡಲೊಡ ಅಂದರೆ ಅದು ಸವೆದಿದೆ, ಅಲ್ಲಿಂದಲೂ ಗಾಳಿ ನುಗ್ಗುತ್ತದೆ. ಸವೆದ ಸ್ಪಿಂಡಲ್ ಇಟ್ಟುಕೊಂಡು ಟ್ಯೂನಿಂಗ್ ಮಾಡುವುದು ತೂತು ಮಡಕೆಗೆ ನೀರು ಹೊಯ್ದ ಹಾಗೆ.

ಇನ್ನು ಸುರಕ್ಷತೆ. ಎಂಜಿಬಿಯಲ್ಲಿ ಕಾರ್ಬುರೇಟರ್‌ಗಳೂ ಬಿಸಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಎಂಜಿನ್‌ನ ಒಂದೇ ಬದಿಗಿವೆ. ಮೇಲೆ ಪೆಟ್ರೋಲ್, ಕೆಳಗೆ ಕೆಂಡದಂಥ ಕಬ್ಬಿಣ. ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿ ಇರಲಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಜೀವ ತೆಗೆಯುತ್ತದೆ. ಕಾರನ್ನು ಬಯಲಿಗೆ ತಂದು ಕೆಲಸ ಮಾಡಿ. ತಿರುಗುವ ಫ್ಯಾನ್ ಹತ್ತಿರ ತೋಳು, ಕೂದಲು ಸುಳಿಯದಿರಲಿ.

ಪಿಸ್ಟನ್ ಬೀಳುವ ಸದ್ದು

ಎಂಜಿನ್ ಆಫ್ ಇರುವಾಗಲೇ ಒಂದು ಪರೀಕ್ಷೆ. ಏರ್ ಫಿಲ್ಟರ್ ತೆಗೆದು ಬೆರಳಿನಿಂದ ಪಿಸ್ಟನ್ ಮೇಲಕ್ಕೆತ್ತಿ ಬಿಡಿ. ಟೋಪಿಯ ತುದಿಯಲ್ಲಿರುವ, ಪಿಸ್ಟನ್ ವೇಗ ತಡೆಯುವ ಡ್ಯಾಂಪರ್ ಕಡ್ಡಿಯನ್ನು ಮೊದಲು ಬಿಚ್ಚಿ ಪಕ್ಕಕ್ಕಿಟ್ಟಿರಿ. ಪಿಸ್ಟನ್ ಎಲ್ಲೂ ತಡೆಯದೆ ಇಳಿದು ತಳ ಮುಟ್ಟಿದಾಗ 'ಟಕ್' ಅನ್ನಬೇಕು. ಎರಡೂ ಒಂದೇ ಥರ ಬೀಳಬೇಕು. ಟಕ್ ಅನ್ನದೆ ಮಧ್ಯದಲ್ಲಿ ಸಿಕ್ಕಿಕೊಂಡರೆ ಒಳಗೆ ಕೊಳೆ ಇದೆ, ಇಲ್ಲವೇ ಸೂಜಿ ಜೆಟ್ಟಿಗೆ ಉಜ್ಜುತ್ತಿದೆ. 1960ರ ದಶಕದ ಕೊನೆಯವರೆಗಿನ ಗಟ್ಟಿ ಸೂಜಿಯ ಮಾದರಿಗಳಲ್ಲಿ ಜೆಟ್ಟನ್ನು ಸೂಜಿಯ ನಡುವಿಗೆ ಕೂರಿಸುವ ಕೆಲಸವೂ ಇರುತ್ತದೆ. ಆಮೇಲಿನ ಸ್ಪ್ರಿಂಗ್ ಸೂಜಿಗಳಿಗೆ ಅದು ಬೇಕಿಲ್ಲ.

ಟೋಪಿ ಬಿಚ್ಚಿ ಕೊಳೆ ತೆಗೆಯುವುದಾದರೆ ಪೆಟ್ರೋಲ್ ಮತ್ತು ಮೆತ್ತಗಿನ ಬಟ್ಟೆ ಸಾಕು. ಮರಳು ಕಾಗದ ಹತ್ತಿರಕ್ಕೂ ಬರಬಾರದು. ಮುಂದಿನದರ ಪಿಸ್ಟನ್ ಹಿಂದಿನದರ ಟೋಪಿಗೆ ಹಾಕಬೇಡಿ. ಪ್ರತಿ ಪಿಸ್ಟನ್ ತನ್ನ ಟೋಪಿಗೇ ಅಳೆದು ಮಾಡಿದ ಜೋಡಿ. ಬಿಚ್ಚುವ ಮೊದಲೇ ಪೆನ್ಸಿಲ್ ಗುರುತು ಹಾಕಿಟ್ಟರೆ ತಲೆನೋವಿಲ್ಲ.

ಟೋಪಿ ಬಿಚ್ಚಿದಾಗಲೇ ಜೆಟ್ಟಿಗೆ ಒಂದು ಆರಂಭದ ಜಾಗ ಕೊಡಿ. ನಟ್ ತಿರುಗಿಸುತ್ತ ಜೆಟ್ ತುದಿ ಗಂಟಲಿನ ತಳಕ್ಕೆ ಸಮವಾಗಿ ಬರುವವರೆಗೆ ಏರಿಸಿ. ಅಲ್ಲಿಂದ ಎರಡು ಪೂರ್ತಿ ಸುತ್ತು, ಅಂದರೆ 12 ಮಗ್ಗುಲು ಕೆಳಗಿಳಿಸಿ. ಎರಡಕ್ಕೂ ಹೀಗೇ ಮಾಡಿ. ಇಷ್ಟಿದ್ದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ.

ಎತ್ತು ಏರಿಗೆ, ಕೋಣ ನೀರಿಗೆ

ಎರಡು ಕಾರ್ಬುರೇಟರ್ ಯಾಕೆ ಬೇಕು? ಎಂಜಿಬಿಯಲ್ಲಿ ಮುಂದಿನದು ಮುಖ್ಯವಾಗಿ 1, 2ನೆಯ ಸಿಲಿಂಡರ್‌ಗಳಿಗೆ, ಹಿಂದಿನದು 3, 4ಕ್ಕೆ ಬಡಿಸುತ್ತದೆ. ಎಲ್ಲರಿಗೂ ಹತ್ತಿರದಿಂದಲೇ ಗಾಳಿ ಸಿಗುತ್ತದೆ. ಆದರೆ ಒಂದರ ತಟ್ಟೆ ಜಾಸ್ತಿ, ಇನ್ನೊಂದರದು ಕಡಿಮೆ ತೆರೆದಿದ್ದರೆ 'ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು' ಅನ್ನುವ ಗಾದೆಯೇ ಸರಿ. ಅರ್ಧ ಎಂಜಿನ್ ಎಳೆಯುತ್ತದೆ, ಅರ್ಧ ತೂಕಡಿಸುತ್ತದೆ. ಹಾಗಾಗಿ ಮಿಕ್ಸ್ಚರ್‌ಗೆ ಮೊದಲು ಗಾಳಿಯನ್ನು ಸರಿತೂಗಿಸಬೇಕು. ಇದನ್ನು ಬ್ಯಾಲೆನ್ಸಿಂಗ್ ಅನ್ನುತ್ತಾರೆ.

ಕಾರನ್ನು ಹತ್ತು ಹದಿನೈದು ನಿಮಿಷ ಓಡಿಸಿ ಬನ್ನಿ. ನಿಂತಲ್ಲೇ ಬಿಸಿ ಮಾಡುವುದಕ್ಕಿಂತ ಇದು ಒಳ್ಳೆಯದು. ಚೋಕ್ ಪೂರ್ತಿ ಒಳಗಿರಲಿ. ಎರಡು ಕಾರ್ಬುರೇಟರ್‌ಗಳ ನಡುವೆ ಥ್ರಾಟಲ್‌ಗಳನ್ನು ಜೋಡಿಸುವ ಒಂದು ಕಡ್ಡಿ ಇದೆ. ಅದರ ಕ್ಲಾಂಪ್ ಬೋಲ್ಟ್‌ಗಳನ್ನು ಸಡಿಲಿಸಿ. ಈಗ ಎರಡೂ ಬೇರೆ ಬೇರೆ. ಪ್ರತಿಯೊಂದರ ಐಡ್ಲಿಂಗ್ ಸ್ಕ್ರೂ ಪೂರ್ತಿ ಹಿಂದೆ ತೆಗೆದು, ತಡೆಗೆ ಸ್ವಲ್ಪವೇ ತಾಗುವಷ್ಟು ತಂದು, ಅಲ್ಲಿಂದ ಒಂದರಿಂದ ಒಂದೂವರೆ ಸುತ್ತು ಒಳಕ್ಕೆ ಹಾಕಿ. ಸ್ಟಾರ್ಟ್ ಮಾಡಿ.

ಈಗ ರಬ್ಬರ್ ಪೈಪು. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಮುಂದಿನ ಕಾರ್ಬುರೇಟರ್ ಬಾಯಿಗೆ. 'ಸ್ಸ್ಸ್' ಅಂತ ಗಾಳಿ ಹರಿಯುವ ಸದ್ದು ಕೇಳುತ್ತದೆ. ಅದನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಹಿಂದಿನದಕ್ಕೆ ಹೋಗಿ. ಪೈಪು ಎರಡರಲ್ಲೂ ಒಂದೇ ಜಾಗದಲ್ಲಿ, ಒಂದೇ ಓರೆಯಲ್ಲಿ ಇರಬೇಕು, ಇಲ್ಲದಿದ್ದರೆ ಕಿವಿ ಮೋಸ ಹೋಗುತ್ತದೆ. ಒಂದರ ಸದ್ದು ಜೋರಾಗಿದ್ದರೆ ಅದರ ಸ್ಕ್ರೂ ಕೂದಲೆಳೆಯಷ್ಟು ಹೊರಕ್ಕೆ, ಇನ್ನೊಂದರದು ಅಷ್ಟೇ ಒಳಕ್ಕೆ. ತಂಬೂರಿಯ ತಂತಿಗಳನ್ನು ಶ್ರುತಿಗೆ ಕೂರಿಸುವಾಗ ಬಿರಡೆ ತಿರುಗಿಸುತ್ತ ತಲೆ ಓರೆ ಮಾಡಿ ಕೇಳುತ್ತಾರಲ್ಲ, ಹಾಗೆ. ಎರಡೂ ಸದ್ದು ಒಂದೇ ಆದಾಗ ತಾನಾಗಿಯೇ ಗೊತ್ತಾಗುತ್ತದೆ. ಕಿವಿಯ ಮೇಲೆ ನಂಬಿಕೆ ಇಲ್ಲದವರಿಗೆ ಕಾರ್ಬುರೇಟರ್ ಬಾಯಿಗೆ ಹಿಡಿದು ಗಾಳಿಯ ಹರಿವು ಅಳೆಯುವ ಮೀಟರ್ ಸಿಗುತ್ತದೆ. ತಪ್ಪೇನಿಲ್ಲ, ಕೊಂಡುಕೊಳ್ಳಿ.

ಎಂಜಿನ್ ತುಂಬ ಹೊತ್ತು ಐಡ್ಲಿಂಗ್‌ನಲ್ಲೇ ಇದ್ದರೆ ಮ್ಯಾನಿಫೋಲ್ಡ್ ಒಳಗೆ ಹಸಿ ಪೆಟ್ರೋಲ್ ಸೇರಿ ಲೆಕ್ಕ ತಪ್ಪುತ್ತದೆ. ಮೂರು ನಿಮಿಷಕ್ಕೊಮ್ಮೆ 2500 ಆರ್‌ಪಿಎಂಗೆ ಏರಿಸಿ ಅರ್ಧ ನಿಮಿಷ ಹಿಡಿದು ಬಿಡಿ. ಮತ್ತೆ ಮುಂದುವರಿಸಿ.

ಪಿನ್ ಎತ್ತಿ, ಕೇಳಿ

ಈಗ ಜೆಟ್ ನಟ್. ಮೊದಲು ಎರಡನ್ನೂ ಒಂದೊಂದು ಮಗ್ಗುಲು ಒಂದೇ ದಿಕ್ಕಿಗೆ ತಿರುಗಿಸಿ. ಪ್ರತಿ ಸಲ ಒಂದೇ ಮಗ್ಗುಲು. ತಿರುಗಿಸಿ, ಐದಾರು ಸೆಕೆಂಡ್ ಕಾದು, ಕೇಳಿ. ಎಂಜಿನ್ ಅತಿ ವೇಗವಾಗಿ, ಸಮವಾಗಿ ತಿರುಗುವ ಒಂದು ಜಾಗ ಸಿಗುತ್ತದೆ. ವೇಗ ಹೆಚ್ಚಿದರೆ ಎರಡೂ ಐಡ್ಲಿಂಗ್ ಸ್ಕ್ರೂಗಳನ್ನು ಸಮನಾಗಿ ಇಳಿಸಿ.

ಅಲ್ಲಿಗೆ ಅಂದಾಜಿನ ಕೆಲಸ ಮುಗಿಯಿತು. ಇನ್ನು ಉತ್ತರವನ್ನು ಕಾರ್ಬುರೇಟರ್ ಬಾಯಿಂದಲೇ ಹೇಳಿಸಬೇಕು. ಅದಕ್ಕೇ ಅಂತ ಪಕ್ಕದಲ್ಲಿ, ಸ್ವಲ್ಪ ಕೆಳಗೆ, ಬೆಂಕಿಕಡ್ಡಿಗಿಂತ ತುಸು ದಪ್ಪದ ಒಂದು ಪಿನ್ ಇದೆ. ಸ್ಪ್ರಿಂಗ್ ಇರುವುದರಿಂದ ಒತ್ತಿದರೆ ಮೇಲೇಳುತ್ತದೆ, ಬಿಟ್ಟರೆ ಇಳಿಯುತ್ತದೆ. ಬೆರಳ ತುದಿಯಿಂದ ಮೆಲ್ಲಗೆ ಎತ್ತಿ. ಮೊದಲು ಸಡಿಲವಾಗಿ ಬರುತ್ತದೆ. ಆಮೇಲೆ ಏನೋ ತಾಗಿದಂತೆ ಬೆರಳಿಗೆ ಸಣ್ಣ ಭಾರ ಸಿಗುತ್ತದೆ. ಅದು ಪಿಸ್ಟನ್. ಅಲ್ಲಿಂದ 0.8 ಮಿ.ಮೀ. ಮಾತ್ರ ಎತ್ತಿ. ಎಟಿಎಂ ಕಾರ್ಡಿನ ದಪ್ಪ ಹೆಚ್ಚುಕಮ್ಮಿ ಅಷ್ಟೇ. ಬಹಳ ಜನ ಎಡವುವುದು ಇಲ್ಲಿ. ಪಿನ್ ಪೂರ್ತಿ ಎತ್ತಿಬಿಡುತ್ತಾರೆ, ಯಾವ ಎಂಜಿನ್ ಆದರೂ ಆಫ್ ಆಗುತ್ತದೆ, 'ಅಯ್ಯೋ ಲೀನ್' ಅಂದುಕೊಂಡು ರಿಚ್ ಮಾಡುತ್ತಾರೆ.

ಪಿಸ್ಟನ್ ಅಷ್ಟು ಎತ್ತಿದಾಗ ಗಂಟಲು ಕೊಂಚ ಅಗಲವಾಗುತ್ತದೆ, ಗಾಳಿಯ ವೇಗ ಇಳಿದು ಪೆಟ್ರೋಲಿನ ಸೆಳೆತ ಕಡಿಮೆಯಾಗುತ್ತದೆ. ಅಂದರೆ ಒಂದು ಗಳಿಗೆ ನಾವೇ ಬೇಕಂತ ಮಿಕ್ಸ್ಚರನ್ನು ಲೀನ್ ಮಾಡಿದೆವು. ಈಗ ಎಂಜಿನ್ ಏನು ಹೇಳುತ್ತದೆ ಕೇಳಿ. ವೇಗ ಏರಿ, ಏರಿದ್ದು ಹಾಗೇ ನಿಂತರೆ ಅದು ರಿಚ್ ಇತ್ತು. ಪೆಟ್ರೋಲ್ ಕಡಿಮೆಯಾದದ್ದೇ ಅದಕ್ಕೆ ಹಿತವಾಯಿತು. ನಟ್ ಒಂದು ಮಗ್ಗುಲು ಮೇಲಕ್ಕೆ. ಎತ್ತಿದ ಕೂಡಲೇ ಎಂಜಿನ್ ಸೋತು ಬಿದ್ದರೆ ಮೊದಲೇ ಲೀನ್ ಇತ್ತು, ಇದ್ದ ತುತ್ತನ್ನೂ ಕಿತ್ತುಕೊಂಡೆವು. ಒಂದು ಮಗ್ಗುಲು ಕೆಳಕ್ಕೆ. ವೇಗ ಒಂದು ಕ್ಷಣ ಚೂರೇ ಚೂರು ಏರಿ ಮತ್ತೆ ಮೊದಲಿನ ಜಾಗಕ್ಕೆ ಬಂದರೆ ಸರಿಯಾಗಿದೆ. ಕೈ ತೆಗೆಯಿರಿ.

ಮುಂದಿನದನ್ನು ನೋಡಿ, ಹಿಂದಿನದನ್ನು ನೋಡಿ, ಮತ್ತೆ ಮುಂದಿನದಕ್ಕೆ ಬನ್ನಿ. ಎರಡರ ನಡುವೆ ಮ್ಯಾನಿಫೋಲ್ಡ್ ಒಳಗೇ ಗಾಳಿಯ ದಾರಿ ಇರುವುದರಿಂದ ಒಂದನ್ನು ತಿದ್ದಿದರೆ ಇನ್ನೊಂದಕ್ಕೂ ಸ್ವಲ್ಪ ತಾಗುತ್ತದೆ. ಎರಡು ಮೂರು ಸುತ್ತು ಬೇಕಾಗುತ್ತದೆ. ಕೊನೆಗೆ ಪೈಪು ಹಿಡಿದು ಬ್ಯಾಲೆನ್ಸ್ ಇನ್ನೊಮ್ಮೆ ಕೇಳಿ.

ಸೈಲೆನ್ಸರ್ ಹಿಂದೆ ನಿಂತವರೂ ಸಹಾಯ ಮಾಡಬಹುದು. ಲೀನ್ ಆದರೆ ಸದ್ದು ಅಡ್ಡಾದಿಡ್ಡಿ, ನೀರು ಚಿಮ್ಮಿದ ಹಾಗೆ, ಹೊಗೆಗೆ ಬಣ್ಣ ಇರುವುದಿಲ್ಲ. ರಿಚ್ ಆದರೆ ತಾಳ ತಪ್ಪುವುದೂ ಒಂದು ತಾಳದಲ್ಲೇ ತಪ್ಪುತ್ತದೆ, ಹೊಗೆ ಕಪ್ಪು.

ಕಣ್ಣಿಂದಲೇ ನೋಡಬೇಕು ಅನ್ನುವವರಿಗೆ ಕಲರ್‌ಟ್ಯೂನ್ ಅನ್ನುವ ಗಾಜಿನ ಕಿಟಕಿಯ ಪ್ಲಗ್ ಇದೆ. ಒಂದು ಪ್ಲಗ್ ತೆಗೆದು ಇದನ್ನು ಹಾಕಿದರೆ ಸಿಲಿಂಡರ್ ಒಳಗಿನ ಉರಿ ಕಾಣುತ್ತದೆ. ಕಿತ್ತಳೆ-ಹಳದಿ ಕಂಡರೆ ರಿಚ್, ನೀಲಿ ಕಂಡರೆ ಸರಿ, ಬಿಳಿಚಿಕೊಂಡ ನೀಲಿ ಕಂಡರೆ ಲೀನ್. ಮತ್ತೆ ಅದೇ ಗ್ಯಾಸ್ ಸ್ಟವ್.

ಉಳಿದ ಸಣ್ಣಪುಟ್ಟ

ನಡುವಿನ ಕಡ್ಡಿಯ ಕ್ಲಾಂಪ್‌ಗಳನ್ನು ಬಿಗಿ ಮಾಡಿ. ಕಡ್ಡಿಯ ಪಿನ್‌ಗಳಿಗೂ ಥ್ರಾಟಲ್ ಕವಲುಗಳಿಗೂ ನಡುವೆ 0.3 ಮಿ.ಮೀ. ಸಂದು ಇರಬೇಕು, ಎರಡೂ ಕಡೆ ಸಮನಾಗಿ. ಒಂದು ಕಡೆ ಹೆಚ್ಚಿದ್ದರೆ ಆಕ್ಸಲರೇಟರ್ ಒತ್ತಿದಾಗ ಒಂದು ತಟ್ಟೆ ಮೊದಲು ತೆರೆಯುತ್ತದೆ, ಇಷ್ಟು ಹೊತ್ತು ಮಾಡಿದ ಬ್ಯಾಲೆನ್ಸ್ ಐಡ್ಲಿಂಗ್‌ಗಷ್ಟೇ ಸೀಮಿತವಾಗುತ್ತದೆ. ಐಡ್ಲಿಂಗ್ ಸಾಮಾನ್ಯವಾಗಿ 700ರಿಂದ 900 ಆರ್‌ಪಿಎಂ ನಡುವೆ ಇರಲಿ. ಚೋಕ್ ಜೆಟ್ಟನ್ನು ಎಳೆಯಲು ಶುರು ಮಾಡುವ ಹಂತದಲ್ಲಿ ಸುಮಾರು 1000 ಇದ್ದರೆ ಚಳಿಯಲ್ಲಿ ಸ್ಟಾರ್ಟ್ ಮಾಡಲು ಅನುಕೂಲ.

ಡ್ಯಾಂಪರ್ ಮರೆಯಬೇಡಿ. ಬಾಗಿಲಿನ ಮೇಲೆ ಇರುವ ಹೈಡ್ರಾಲಿಕ್ ಕ್ಲೋಸರ್ ಬಾಗಿಲನ್ನು ದಡಾರನೆ ಬಡಿಯಲು ಬಿಡುವುದಿಲ್ಲ ಅಲ್ವಾ? ಟೋಪಿಯೊಳಗಿನ ಎಣ್ಣೆಯೂ ಹಾಗೇ. ಥಟ್ಟನೆ ಆಕ್ಸಲರೇಟರ್ ಒತ್ತಿದಾಗ ಪಿಸ್ಟನ್ ಹಾರಿಹೋಗದಂತೆ ತಡೆಯುತ್ತದೆ. ಗಂಟಲು ಇನ್ನೂ ಇಕ್ಕಟ್ಟಾಗಿರುವುದರಿಂದ ಸೆಳೆತ ಹೆಚ್ಚಿ, ಬೇಕಾದ ಹೊತ್ತಿಗೆ ಒಂದು ಗುಟುಕು ಪೆಟ್ರೋಲ್ ಜಾಸ್ತಿ ಸಿಗುತ್ತದೆ. ಎಣ್ಣೆ ಖಾಲಿಯಾಗಿದ್ದರೆ ಒತ್ತಿದ ಕೂಡಲೇ ಗಾಡಿ ಒಂದು ಕ್ಷಣ ಮುಗ್ಗರಿಸುತ್ತದೆ. ಜನ ಅದನ್ನೂ ಜೆಟ್ ನಟ್‌ನಿಂದ ಸರಿಮಾಡಲು ಹೊರಡುತ್ತಾರೆ! ಎಸ್‌ಎಇ 20 ಎಂಜಿನ್ ಆಯಿಲ್ ಸಾಕು.

ರಸ್ತೆಗೆ ಇಳಿಸಿದ ಮೇಲೆ

ಒಂದಷ್ಟು ದೂರ ಓಡಿಸಿ, ಆಮೇಲೆ ಖಾಲಿ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ ಚೆನ್ನಾಗಿ ಎಳೆಯುತ್ತಿರುವಾಗ ಕ್ಲಚ್ ಒತ್ತಿ, ಎಂಜಿನ್ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ. ಕೀಯನ್ನು ಹೊರಗೆ ಎಳೆಯಬೇಡಿ, ಸ್ಟೀರಿಂಗ್ ಲಾಕ್ ಇರುವ ಕಾರಾದರೆ ಅಪಾಯ. ಪ್ಲಗ್‌ಗಳನ್ನು ಬಿಚ್ಚಿ ಸಾಲಾಗಿ ಇಟ್ಟು ನೋಡಿ. ತುದಿ ತಿಳಿ ಕಂದು ಅಥವಾ ಬೂದು ಬಣ್ಣ ಇದ್ದರೆ ಚೆನ್ನ. ಮಸಿ ಇದ್ದರೆ ರಿಚ್, ಸುಣ್ಣದಂತೆ ಬೆಳ್ಳಗಿದ್ದರೆ ಲೀನ್. 1, 2 ಕಪ್ಪಾಗಿ 3, 4 ಚೆನ್ನಾಗಿದ್ದರೆ ಮುಂದಿನ ಕಾರ್ಬುರೇಟರ್ ಕಡೆ ನೋಡಬೇಕು. ಒಂದೇ ಒಂದು ಪ್ಲಗ್ ಬೇರೆ ಥರ ಇದ್ದರೆ ಅದು ಬಹುತೇಕ ಕಾರ್ಬುರೇಟರ್ ತಪ್ಪಲ್ಲ. ಆ ಸಿಲಿಂಡರಿನ ಪ್ಲಗ್, ಅದರ ವೈರು, ವಾಲ್ವ್ ನೋಡಿ.

ಐಡ್ಲಿಂಗ್‌ನಲ್ಲಿ ಸರಿ, ವೇಗದಲ್ಲಿ ಲೀನ್ ಅಂತ ಬಂದರೆ? ಆಗ ನಟ್‌ನಿಂದ ಆಗುವ ಕೆಲಸ ಮುಗಿದಿದೆ. ಸೂಜಿಯ ಆಕಾರವೇ ಆ ಎಂಜಿನ್‌ಗೆ ಹೊಂದುತ್ತಿಲ್ಲ. ಹಿಂದೆ ಯಾರೋ ಬೇರೆ ಸೂಜಿ ಹಾಕಿರಬಹುದು, ಏರ್ ಫಿಲ್ಟರ್ ಅಥವಾ ಸೈಲೆನ್ಸರ್ ಬದಲಿಸಿರಬಹುದು. ಸೂಜಿಯ ಮೇಲ್ಭಾಗದಲ್ಲಿ ಕೊರೆದ ಅಕ್ಷರ, ಅಂಕಿಗಳನ್ನು ಮ್ಯಾನುಯಲ್ ಜೊತೆ ಹೋಲಿಸಿ. ಎರಡೂ ಕಾರ್ಬುರೇಟರ್‌ನಲ್ಲಿ ಬೇರೆ ಬೇರೆ ಸೂಜಿ ಇರುವುದೂ ಉಂಟು.

ಎಥೆನಾಲ್ ಬೆರೆತ ಪೆಟ್ರೋಲ್

ಎಥೆನಾಲ್ ಒಳಗೇ ಆಮ್ಲಜನಕ ಇದೆ. ಅಂದರೆ ಪೆಟ್ರೋಲ್ ತನ್ನ ಜೊತೆ ಸ್ವಲ್ಪ ಗಾಳಿಯನ್ನೂ ಹೊತ್ತು ಬಂದ ಹಾಗೆ. ಜೆಟ್ ಮೊದಲಿನ ಜಾಗದಲ್ಲೇ ಇದ್ದರೆ ಮಿಕ್ಸ್ಚರ್ ಲೀನ್ ಕಡೆಗೆ ವಾಲುತ್ತದೆ. 10% ಎಥೆನಾಲ್ ಇದ್ದರೆ ವಾಲುವುದು ಸ್ವಲ್ಪವೇ. ಎಷ್ಟು ಮಗ್ಗುಲು ಇಳಿಸಬೇಕು ಅಂತ ಯಾರನ್ನೂ ಕೇಳಬೇಕಿಲ್ಲ, ಆ ಪೆಟ್ರೋಲ್ ತುಂಬಿಸಿ ಪಿನ್ ಎತ್ತಿ ನೋಡಿದರೆ ಗೊತ್ತಾಗುತ್ತದೆ. ಟ್ಯೂನ್ ಮಾಡುವ ದಿನ ಟ್ಯಾಂಕಿನಲ್ಲಿ ನೀವು ದಿನಾ ಹಾಕಿಸುವ ಪೆಟ್ರೋಲೇ ಇರಲಿ.

ಆದರೆ ಎಥೆನಾಲ್ ಹಳೆಯ ಕಾಲದ ರಬ್ಬರನ್ನು ಮೆತ್ತಗಾಗಿಸುತ್ತದೆ, ಬಿರುಕು ಬಿಡಿಸುತ್ತದೆ. ಪಂಪಿನಿಂದ ಫ್ಲೋಟ್ ಚೇಂಬರ್‌ವರೆಗಿನ ಪೆಟ್ರೋಲ್ ಪೈಪುಗಳನ್ನು ಬಗ್ಗಿಸಿ ನೋಡಿ. ಮೇಲ್ಮೈಯಲ್ಲಿ ಸಣ್ಣ ಸೀಳು ಕಂಡರೂ ಎಥೆನಾಲ್ ತಡೆಯುವ ಹೊಸ ಪೈಪು ಹಾಕಿ. ಒರೆಸಿದ ಬಟ್ಟೆಗೆ ಕಪ್ಪು ಹತ್ತಿದರೆ ಪೈಪು ಒಳಗಿನಿಂದಲೂ ಕರಗುತ್ತಿರಬಹುದು. ಆ ಪುಡಿ ಹೋಗಿ ಕೂರುವುದು ಫ್ಲೋಟ್ ಚೇಂಬರಿನ ವಾಲ್ವ್‌ನಲ್ಲಿ. ವಾಲ್ವ್ ಮುಚ್ಚದೆ ಪೆಟ್ರೋಲ್ ಉಕ್ಕುತ್ತದೆ. ಅದರ ಕೆಳಗೆ ಏನಿದೆ ಅಂತ ಆಗಲೇ ಹೇಳಿದ್ದೇನೆ, ಬಿಸಿ ಎಕ್ಸಾಸ್ಟ್.